ಕೊನೆ ಮೊದಲು ಓದುವವಳು

ಕೊನೆಯ ಪುಟ ನೋಡದೆ ಕಾದಂಬರಿ ಶುರು ಮಾಡಿದ್ದು ತನ್ನ ಜನ್ಮದಲ್ಲಿ ಇದೇ ಮೊದಲು ಅಂತ ಅವಳಿಗೆ ಹೊಳೆದದ್ದು ಬೆಳಿಗ್ಗೆ ಎಕ್ಸ್‌ರೇ ಕೋಣೆಯ ದೀಪ ಹಾಕಿ, ಚೀಲವನ್ನು ಮೇಜಿನ ಡ್ರಾಯರಿಗೆ ತುರುಕುವಾಗ. ಮೊದಲು ಅಂದರೆ ಸುಳ್ಳಾಯಿತು. ಈಚಿನ ಕೆಲವು ಪುಸ್ತಕಗಳಿಂದ ಹೀಗೇ ನಡೆದಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೇ. ಪುಸ್ತಕ ಕೈಗೆ ಬಂತೋ, ಹೆಬ್ಬೆರಳು ತಾನಾಗಿ ಹಿಂದಿನ ರಟ್ಟಿನ ಕಡೆ ಹೋಗಬೇಕು, ಯಾರು ಸತ್ತರು, ಯಾರು ಯಾರನ್ನು ಕಟ್ಟಿಕೊಂಡರು, ಕೊಂದವನು ಯಾರು ಎಂದು ತಿಳಿದುಕೊಂಡು ನೆಮ್ಮದಿಯಾಗಿ ಮುನ್ನುಡಿಗೆ ಬರಬೇಕು. ಅದು ಅವಳ ಪದ್ಧತಿ. ಈಗ ಅದೇ ಹೆಬ್ಬೆರಳು ರಟ್ಟಿನ ತನಕ ಹೋಗಿ, ಬಿಸಿ ಪಾತ್ರೆ ಮುಟ್ಟಿದ ಹಾಗೆ ವಾಪಸು ಬರುತ್ತಿತ್ತು. ಗಂಡ ಗಮನಿಸಿದ್ದ. "ಏನಿದು, ಈ ಸಲ ಮುಂದಿಂದ ಓದ್ತಿದೀಯ? ಹುಷಾರಾಗಿದೀಯ ತಾನೆ?" ಎಂದು ಕಾಲೆಳೆದಿದ್ದ. ನಿನ್ನ ಕೆಲಸ ನೀನು ನೋಡ್ಕೋ ಅಂತ ರೇಗಿದ್ದಳು. ಅಷ್ಟು ರೇಗುವಂಥದ್ದೇನೂ ಅವನು ಅಂದಿರಲಿಲ್ಲ ಪಾಪ, ಸಾರಿ ಹೇಳಬೇಕು ಅಂದುಕೊಂಡು ಮರೆತಿದ್ದಳು. ಡ್ರಾಯರಿನಲ್ಲಿ ಈಗ ಇದ್ದದ್ದು ಮುಳುಗುಗಾರನ ಕಾದಂಬರಿ. ನದಿ ಸೇತುವೆಯ ಕಂಬಗಳ ಬುಡ ಸವೆದಿದೆಯೋ ಇಲ್ಲವೋ ಎಂದು ನೀರಿನೊಳಗೆ ಇಳಿದು ತಡವಿ ನೋಡುವವನು. ತಂಗಿ ಹೆಣೆದುಕೊಟ್ಟ ಉಣ್ಣೆಯ ಕೈಗವಸು ಹಾಕಿಕೊಂಡೇ ಇಳಿಯುವವನು. ಪುಸ್ತಕದ ನಡುಮಧ್ಯೆ ಕಂಬದ ಒಂದು ಕಲ್ಲು ಜರಿದು ಅವನ ಕಾಲು ಸಿಕ್ಕಿಕೊಂಡಿತ್ತು. ಅಲ್ಲಿಗೆ ಬಸ್ಸಿನ ಟಿಕೆಟ್ ಸಿಕ್ಕಿಸಿ ಮುಚ್ಚಿದ್ದಳು. ಇವತ್ತು ಹತ್ತು ಗಂಟೆಯ ಮೇಲೆ ಅಕ್ಕ ಬರುತ್ತಾಳೆ, ಎದೆಯ ಎಕ್ಸ್‌ರೇ ತೆಗೆಸಿಕೊಳ್ಳೋದಕ್ಕೆ.

ಅಕ್ಕನ ಕೆಲಸ ದೊಡ್ಡ ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡುವುದು. ಬೆನ್ನು ಬಿಟ್ಟ ರಟ್ಟುಗಳಿಗೆ ಬಟ್ಟೆ ಅಂಟಿಸುತ್ತಾಳೆ, ಉದುರಿದ ಹಾಳೆಗಳನ್ನು ಪುಟಸಂಖ್ಯೆ ನೋಡಿ ಜೋಡಿಸಿ ಹೊಲಿಯುತ್ತಾಳೆ, ಓದುಗರು ಅಂಚಿನಲ್ಲಿ ಬರೆದ ಬೈಗುಳಗಳನ್ನು ರಬ್ಬರಿನಿಂದ ಉಜ್ಜಿ ತೆಗೆಯುತ್ತಾಳೆ, ಚೆನ್ನಾಗಿರುವ ಬೈಗುಳ ಇದ್ದರೆ ಮಾತ್ರ ಬಿಟ್ಟುಬಿಡುತ್ತಾಳೆ. ರಿಪೇರಿ ಮುಗಿದ ಕಾದಂಬರಿ ಕಪಾಟಿಗೆ ಹೋಗುವ ಮುಂಚೆ ತಂಗಿಯ ಹೆಸರಿಗೆ ಬರೆಸಿಕೊಂಡು ವಾರಕ್ಕೊಂದು ಚೀಲ ಕಳಿಸುತ್ತಾಳೆ. ತಾನು ಓದುವುದು ಆಮೇಲೆ. ಯಾಕೆಂದರೆ ಅವಳದು ಆಮೆ ನಡಿಗೆ, ಒಂದೊಂದು ವಾಕ್ಯವನ್ನು ಎರಡೆರಡು ಸಲ ಬಾಯಾಡಿಸುತ್ತಾಳೆ. ಪುಸ್ತಕ ಕೊಟ್ಟಿದ್ದಕ್ಕೆ ಪ್ರತಿಯಾಗಿ ಇವಳು ಫೋನಿನಲ್ಲಿ ತೀರ್ಪು ಕೊಡಬೇಕು. ತೀರ್ಪು ಕಡ್ಡಿ ಮುರಿದ ಹಾಗಿರಬೇಕು, ಅದಕ್ಕೆ ಬಣ್ಣ ಬಳಿಯಬಾರದು, ಲೇಖಕರು ದೊಡ್ಡವರು ಎಂದು ಹೆದರಬಾರದು. ಇನ್ನೊಂದೇ ಒಂದು ಷರತ್ತು: ಕೊನೆ ಹೇಳಬಾರದು. ಈ ಷರತ್ತನ್ನು ಅವಳು ಒಂದು ದಿನವೂ ಪಾಲಿಸಿದವಳಲ್ಲ. ಗಡಿಯಾರದ ಅಂಗಡಿಯಲ್ಲಿ ಕೊಲೆಯಾಗುವ ಪತ್ತೇದಾರಿ ಕಾದಂಬರಿಯನ್ನು ಅಕ್ಕ ಆಗಷ್ಟೇ ಹಿಡಿದಿದ್ದಳು, ಇವಳು ಫೋನಿನಲ್ಲಿ, "ಅಯ್ಯೋ ಬಿಡೇ, ಅಷ್ಟು ಜನರ ಮೇಲೆ ಅನುಮಾನ ಪಡಿಸಿ, ಕೊಂದವನು ಮೊದಲನೇ ಪುಟದಲ್ಲಿ ಛತ್ರಿ ಮರೆತು ಹೋದನಲ್ಲ, ಅವನೇ!" ಎಂದುಬಿಟ್ಟಳು. ಅಕ್ಕ ತುಂಬ ಶಾಂತವಾಗಿ, "ಗುಬ್ಬಿ, ನಿನ್ನ ನಾಲಿಗೆಗೆ ಒಂದು ಹೊಲಿಗೆ ಹಾಕ್ತೀನಿ, ನನ್ ಹತ್ರ ಸೂಜಿ ಇದೆ," ಎಂದು ಫೋನ್ ಇಟ್ಟಳು. ಗುಬ್ಬಿ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ ಉಳಿದಿದ್ದಾಳೆ.

ಮೊದಲನೆಯ ರೋಗಿ ಬಂದ, ಮಣಿಕಟ್ಟು ಮುರಿದುಕೊಂಡ ಬಡಗಿ. ಎರಡನೆಯದು ಸೊಂಟ ಹಿಡಿದುಕೊಂಡ ಟೀಚರಮ್ಮ. ಅವರನ್ನು ಮಲಗಿಸಿ, ತಿರುಗಿಸಿ, ಸೀಸದ ಏಪ್ರನ್ ಹೊದಿಸುವಾಗ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಮಾತ್ರ ತೀರ್ಪುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿತ್ತು, ಏನನ್ನೋ ಯೋಚಿಸದಿರಲು ಇನ್ನೇನನ್ನೋ ಯೋಚಿಸುವ ಹಾಗೆ. ಏಪ್ರನ್ ಅಂದಮೇಲೆ ನೆನಪಾಯಿತು, ದೂರದ ನಕ್ಷತ್ರಕ್ಕೆ ಹಡಗಿನಲ್ಲಿ ಹೋಗುವವರ ಆ ವಿಜ್ಞಾನ ಕಾದಂಬರಿ. ನಾಯಕ ಕಿರಣ ಸೋರುವ ಯಂತ್ರವನ್ನು ಅಪ್ಪಿಕೊಂಡು ಭಾಷಣ ಮಾಡುತ್ತಾನೆ, ಆ ಲೇಖಕರಿಗೆ ಕಿರಣ ಅಂದರೆ ಏನು ಅಂತ ತಲೆಬುಡ ಗೊತ್ತಿಲ್ಲ, ಒಂದು ದಿನ ನನ್ನ ಜೊತೆ ಬಂದು ಕೂತಿದ್ದರೆ ಸಾಕಿತ್ತು. ಆದರೂ ಆ ಹಡಗಿನಲ್ಲೊಬ್ಬಳು ಮುದುಕಿ ಇದ್ದಳಲ್ಲ, ಮಳೆಯನ್ನೇ ಕಾಣದ ಮಕ್ಕಳಿಗೆ ಮಳೆ ಬರುವ ಮುಂಚಿನ ವಾಸನೆಯನ್ನು ವಿವರಿಸೋಕೆ ಹೋಗಿ ಸೋತು ಸೋತು ಕೊನೆಗೆ ಸುಮ್ಮನೆ ಮೂಗು ಎಳೆದು ತೋರಿಸುತ್ತಾಳೆ. ಅದೊಂದು ಪುಟಕ್ಕೆ ಆ ಮನುಷ್ಯನ ಎಲ್ಲ ತಪ್ಪುಗಳನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಪ್ರೇಮದ ಕಾದಂಬರಿಯಲ್ಲಿ ನಾಯಕ ಪುಟಕ್ಕೊಂದು ನಿಟ್ಟುಸಿರು ಬಿಡುತ್ತಿದ್ದ. ಇವನನ್ನು ಮೊದಲು ನನ್ನ ಹತ್ತಿರ ಕಳಿಸಿ ಎದೆ ತೋರಿಸಬೇಕಿತ್ತು ಅಂತ ಅಕ್ಕನಿಗೆ ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಅದೇ ಪುಸ್ತಕ ಓದುತ್ತ ಬಸ್ಸಿನಲ್ಲಿ ಕಣ್ಣೊರೆಸಿಕೊಂಡದ್ದನ್ನು, ಪಕ್ಕದ ಹೆಂಗಸು ಏನಮ್ಮಾ ಮನೇಲಿ ತೊಂದರೆಯಾ ಎಂದು ಕೈ ಹಿಡಿದುಕೊಂಡದ್ದನ್ನು ಮಾತ್ರ ಹೇಳಲಿಲ್ಲ. ದೆವ್ವದ ಕಾದಂಬರಿಯ ದೆವ್ವ ಯಾರಿಗೂ ಏನೂ ಮಾಡುವುದಿಲ್ಲ, ಹೊಸಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಜೋಡಿಸಿಡುತ್ತದೆ, ಅಷ್ಟೇ. ಅಷ್ಟಕ್ಕೇ ಅವಳು ಒಂದು ವಾರ ಚಪ್ಪಲಿ ಕಪಾಟಿನ ಕಡೆ ತಿರುಗಿ ನೋಡಲಿಲ್ಲ. ಯುದ್ಧದ ಐತಿಹಾಸಿಕ ಕಾದಂಬರಿಯಲ್ಲಿ ರಾಜರು ಬಂದಾಗಲೆಲ್ಲ ಪುಟ ಹಾರಿಸಿದಳು, ಗಾಯದ ಬಟ್ಟೆ ಒಗೆಯುವ ಹೆಂಗಸರು ಬಂದಾಗಲೆಲ್ಲ ನಿಂತಳು. "ಅಷ್ಟು ದಪ್ಪ ಪುಸ್ತಕದಲ್ಲಿ ನಂಗೆ ಬೇಕಾದ್ದು ಇಷ್ಟೇ ಇಷ್ಟು ಕಣೆ," ಅಂದರೆ ಅಕ್ಕ, "ಅಷ್ಟಾದ್ರೂ ಸಿಕ್ತಲ್ಲ, ಉಪಕಾರ ಸ್ಮರಿಸು," ಎಂದಿದ್ದಳು. ಸ್ಮರಿಸುತ್ತಿದ್ದಳು. ಬಾಯಲ್ಲಿ ಬೈದರೂ ಒಳಗೆ ಎಲ್ಲ ಪುಸ್ತಕಗಳಿಗೂ ಕೈ ಮುಗಿಯುತ್ತಿದ್ದಳು, ತಂದುಕೊಟ್ಟವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ, ಹೇಳಿದ್ದಿಲ್ಲ ಅಷ್ಟೇ.

ಆ ಐತಿಹಾಸಿಕ ಕಾದಂಬರಿಯ ಹೊತ್ತಿಗೇ ಅಕ್ಕನಿಗೆ ಕೆಮ್ಮು ಶುರುವಾಗಿತ್ತು. ಮೊದಲು ಫೋನಿನಲ್ಲಿ ವಾಕ್ಯದ ನಡುವೆ ಒಂದು ಸಣ್ಣ ತಡೆ, ಆಮೇಲೆ ವಾಕ್ಯವೇ ಮುಗಿಯದಂಥ ಕೆಮ್ಮು. ಶೀತ, ಹೋಗುತ್ತೆ ಎಂದಳು ಅಕ್ಕ. ಹೋಗಲಿಲ್ಲ. ಒಂದು ಭಾನುವಾರ ನೋಡಿದಾಗ ಅವಳ ರವಿಕೆಯ ತೋಳು ಸಡಿಲವಾಗಿತ್ತು, ಕುತ್ತಿಗೆಯ ಹತ್ತಿರದ ಮೂಳೆ, ಇವಳು ದಿನಾ ಕಪ್ಪು ಬಿಳುಪಿನಲ್ಲಿ ನೋಡುವ ಆ ಮೂಳೆ, ಚರ್ಮದ ಮೇಲೆಯೇ ಎದ್ದು ಕಾಣುತ್ತಿತ್ತು. ಬಾ, ಒಂದು ಫಿಲ್ಮ್ ತೆಗೆಯೋಣ ಎಂದರೆ ಅಕ್ಕ ನಾಳೆ ನಾಡಿದ್ದು ಎಂದು ಜಾರಿಕೊಂಡಳು. ಭಾವನಿಗೆ ಹೇಳುವ ಹಾಗಿಲ್ಲ, ಆ ಪುಣ್ಯಾತ್ಮ ಸಣ್ಣದನ್ನೂ ಊರಿಗೆಲ್ಲ ಡಂಗುರ ಹೊಡೆಸುವವನು. ಕೊನೆಗೆ ಇವಳೇ ಫೋನಿನಲ್ಲಿ ಅತ್ತು ಕರೆದು ಜಗಳ ಮಾಡಿದ ಮೇಲೆ ಅಕ್ಕ ಒಪ್ಪಿದ್ದಳು. "ಬರ್ತೀನಿ ಮಾರಾಯ್ತಿ, ಆದ್ರೆ ನೀನೇ ತೆಗೀಬೇಕು, ಇನ್ಯಾರೋ ಮುಟ್ಟೋದು ಬೇಡ." ತೆಗೆದವಳು ಮೊದಲು ನೋಡುತ್ತಾಳೆ. ರೋಗಿಗಿಂತ ಮೊದಲು, ಡಾಕ್ಟರಿಗಿಂತ ಮೊದಲು, ಪರದೆಯ ಮೇಲೆ ಚಿತ್ರ ಮೂಡುವಾಗ ಇಡೀ ಆಸ್ಪತ್ರೆಯಲ್ಲಿ ಅದನ್ನು ಕಂಡವಳು ಇವಳೊಬ್ಬಳೇ ಇರುತ್ತಾಳೆ. ಕಂಡದ್ದನ್ನು ಹೇಳಬಾರದು. ಅದು ಕೆಲಸದ ನಿಯಮ. ಏನಾದ್ರೂ ಇದೆಯಾ ಎಂದು ರೋಗಿಗಳು ಬಟ್ಟೆ ಹಾಕಿಕೊಳ್ಳುತ್ತ ಅವಳ ಮುಖವನ್ನೇ ಹುಡುಕುತ್ತಾರೆ, ಅವಳು ಡಾಕ್ಟರ್ ಹೇಳ್ತಾರೆ ಎನ್ನುತ್ತಾಳೆ. ಅದಕ್ಕೆಂದೇ ಒಂದು ಮುಖ ಮಾಡಿಟ್ಟುಕೊಂಡಿದ್ದಾಳೆ, ಜೊತೆ ಕೆಲಸದವರು ಅದನ್ನು ಗೋಡೆ ಮುಖ ಎನ್ನುತ್ತಾರೆ. ಇಡೀ ದಿನ ಕೊನೆಗಳನ್ನು ನೋಡಿಯೂ ಬಾಯಿ ಬಿಡದವಳು ಸಂಜೆ ಫೋನಿನಲ್ಲಿ ಕಾದಂಬರಿಯ ಕೊನೆಯನ್ನು ಹೇಳದೆ ಇನ್ನೇನು ಮಾಡಬೇಕಿತ್ತು?

ಮುಂದಿನ ರೋಗಿಗೆ ಎದೆಯ ಫಿಲ್ಮ್. "ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ. ಹಾಂ, ಬಿಡಿ." ಈ ಮೂರು ಮಾತನ್ನು ಅವಳು ದಿನಕ್ಕೆಷ್ಟು ಸಲ ಆಡುತ್ತಾಳೋ, ನಿದ್ದೆಯಲ್ಲೂ ಆಡುತ್ತಾಳಂತೆ. ಅಕ್ಕನೂ ಹೀಗೇ ಉಸಿರು ಎಳೆಯುತ್ತಿದ್ದಳು ಚಿಕ್ಕವಳಿದ್ದಾಗ ಕಾಯಿಲೆ ಬಿದ್ದ ವರ್ಷ, ಹಿತ್ತಲ ಕಡೆಯ ಕೋಣೆಯಲ್ಲಿ, ಒಂದು ಪ್ಯಾರಾ ಓದಿ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ. ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಹೋಗಕೂಡದು, ಅಂಟುತ್ತೆ ಎಂದು ಅಮ್ಮ ಹೇಳಿದ್ದಳು. ತಟ್ಟೆ ಬೇರೆ, ಲೋಟ ಬೇರೆ, ಟವೆಲ್ಲು ಬೇರೆ. ಅಕ್ಕನಿಗೆ ಆಗ ಹದಿಮೂರೋ ಹದಿನಾಲ್ಕೋ, ಇವಳು ಇನ್ನೂ ಒಂದೊಂದೇ ಅಕ್ಷರ ಕೂಡಿಸುವವಳು. ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರೆ ಒಳಗಿಂದ ಅಕ್ಕ ಜೋರಾಗಿ ಓದುತ್ತಿದ್ದಳು, ಅಪ್ಪ ಎಲ್ಲಿಂದಲೋ ಹೊತ್ತು ತಂದ ದೊಡ್ಡವರ ಕಾದಂಬರಿಗಳು, ಅರ್ಧ ಅರ್ಥವಾಗುತ್ತಿತ್ತು ಅರ್ಧ ಆಗುತ್ತಿರಲಿಲ್ಲ. ಬಾಗಿಲ ಹಲಗೆ ಬೆನ್ನಿಗೆ ಸಣ್ಣಗೆ ಅದುರುತ್ತಿತ್ತು, ಅಕ್ಕನೂ ಅತ್ತ ಕಡೆ ಒರಗಿ ಕೂತಿರುತ್ತಿದ್ದಳು. ಒಂದು ದಿನ ಮನೆಗೆ ಬಂದ ಚಿಕ್ಕಮ್ಮ ನಡುಮನೆಯಲ್ಲಿ ನಿಂತು, ದನಿ ತಗ್ಗಿಸಿದೆ ಅಂದುಕೊಂಡು, ಅಮ್ಮನಿಗೆ, "ಈ ಹುಡುಗಿ ಉಳಿಯೋ ಹಾಗೆ ಕಾಣಲ್ಲ ಅಕ್ಕಾ, ನೀನು ಮನಸ್ಸು ಗಟ್ಟಿ ಮಾಡ್ಕೋ," ಎಂದಳು. ಅವತ್ತು ಅಕ್ಕ ಅಧ್ಯಾಯದ ಮಧ್ಯೆ ಕೆಮ್ಮು ಬಂದು ನಿಲ್ಲಿಸಿದಾಗ ಗುಬ್ಬಿ ಬಾಗಿಲ ಸಂದಿಗೆ ಬಾಯಿಟ್ಟು, ಅಕ್ಕಾ, ಕೊನೆ ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಅಂಗಲಾಚಿದ್ದಳು. ಯಾಕೆ ಅಷ್ಟು ಅವಸರ ಅಂತ ಅಕ್ಕ ಕೇಳಲಿಲ್ಲ. ಹೇಳಿದಳು. ಎಲ್ಲರೂ ಮನೆಗೆ ವಾಪಸು ಬಂದರು, ದೀಪ ಹಚ್ಚಿದರು, ಊಟ ಮಾಡಿ ಮಲಗಿದರು. ಮಾರನೆಯ ದಿನ ಕೇಳಿದರೆ ಅದೇ ಪುಸ್ತಕಕ್ಕೆ ಬೇರೆ ಕೊನೆ, ಆದರೆ ಅದರಲ್ಲೂ ಎಲ್ಲರೂ ವಾಪಸು ಬರುತ್ತಿದ್ದರು. ದೊಡ್ಡವಳಾದ ಮೇಲೆ ಅದರಲ್ಲೊಂದು ಪುಸ್ತಕ ಕೈಗೆ ಸಿಕ್ಕಿ ಓದಿದಾಗ ನಾಯಕಿ ಬಾವಿಗೆ ಹಾರಿದ್ದಳು. ಇವಳಿಗೆ ಮೋಸ ಹೋದ ಹಾಗನ್ನಿಸಿ ಒಂದು ದಿನ ಅಕ್ಕನ ಜೊತೆ ಮಾತಾಡಲಿಲ್ಲ, ಯಾಕೆ ಅಂತ ಅಕ್ಕನಿಗೂ ಹೇಳಲಿಲ್ಲ. ಅಕ್ಕ ಗುಣವಾಗಿ, ಎದ್ದು ಓಡಾಡಿ, ಮದುವೆಯಾಗಿ, ಎಲ್ಲರಿಗಿಂತ ಗಟ್ಟಿಯಾಗಿ ನಗುವವಳಾದಳು, ಆ ಒಂದು ವರ್ಷದ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ, ಕ್ರಮೇಣ ಅದು ಯಾರಿಗೋ ಆದದ್ದು ಎನ್ನುವ ಹಾಗಾಯಿತು.

ಅಕ್ಕ ಬಂದಳು. ಬಾಗಿಲಲ್ಲೇ ನಿಂತು, "ಇದೇನೇ ನಿನ್ನ ಅರಮನೆ? ಕಿಟಕೀನೇ ಇಲ್ವಲ್ಲ," ಎಂದು ಮೂಗು ಮುರಿದಳು. ಬೆರಳ ತುದಿಗಳಲ್ಲಿ ಒಣಗಿದ ಅಂಟು, ಹೆಗಲಿಗೆ ಪುಸ್ತಕದ ಚೀಲ, ಆಸ್ಪತ್ರೆಗೆ ಬರುವಾಗಲೂ. ಸರ ಬಿಚ್ಚಿಡು, ಈ ಅಂಗಿ ಹಾಕ್ಕೋ, ಇಲ್ಲಿ ಬಾ. ಹಲಗೆಗೆ ಎದೆ ಒತ್ತಿ ನಿಲ್ಲಿಸಿದಳು, ಗದ್ದ ಮೇಲೆ, ಕೈಗಳು ಸೊಂಟಕ್ಕೆ, ಭುಜ ಮುಂದಕ್ಕೆ. ಎಷ್ಟೋ ವರ್ಷಗಳ ಮೇಲೆ ಅಕ್ಕನ ಬೆನ್ನನ್ನು ಮುಟ್ಟುತ್ತಿದ್ದಾಳೆ, ಅಂಗಿಯ ಹಿಂದೆ ಇಷ್ಟು ಸಣ್ಣ ಬೆನ್ನು. "ಥೂ, ಎಷ್ಟು ತಣ್ಣಗಿದೆ ಇದು," ಎಂದಳು ಅಕ್ಕ. ಇವಳು ಗಾಜಿನ ಹಿಂದೆ ಹೋಗಿ, ದನಿಯನ್ನು ಕೆಲಸದ ದನಿ ಮಾಡಿಕೊಂಡು ಹೇಳಿದಳು: ಉಸಿರು ಎಳ್ಕೋ, ಹಾಗೇ ಹಿಡ್ಕೋ. ಗುಂಡಿ ಒತ್ತಿದಳು. ಪರದೆಯ ಮೇಲೆ ಪಕ್ಕೆಲುಬುಗಳು, ಹೃದಯದ ಗೆರೆ, ಎರಡು ಕಪ್ಪು ಶ್ವಾಸಕೋಶಗಳು ಮೂಡಿದವು. ಬಲಗಡೆ ಮೇಲೆ, ಕುತ್ತಿಗೆಯ ಹತ್ತಿರದ ಆ ಮೂಳೆಯ ಹಿಂದೆ, ಬಿಳಿ. ಇರಬಾರದ ಕಡೆ ಬಿಳಿ. ಕಣ್ಣು ಆ ಬಿಳಿಗೆ ಅಂಟಿಕೊಂಡು, ಸುತ್ತಲಿನದೇನೂ ಕಾಣದೆ, ಅದರ ಅಂಚು ಹೇಗಿದೆ, ಎಷ್ಟು ಗಟ್ಟಿಯಿದೆ ಎಂದು ದಿನಾ ನೋಡುವ ಯಾವುದನ್ನೂ ನೋಡಲಾರದೆ, ಅವಳು ಚಿಕ್ಕಮ್ಮ ನಡುಮನೆಯಲ್ಲಿ ನಿಂತು ಹೇಳಿದ ಮಾತನ್ನು ಕೇಳುತ್ತ ನಿಂತಿದ್ದಳು. ಮುಗಿಯಿತು ಅಂದುಕೊಂಡಳು. ಯಾರೋ ದೊಡ್ಡದಾಗಿ ಕೆಮ್ಮಿದಾಗಲೇ ಎಚ್ಚರ. ಅಕ್ಕ ಹಲಗೆ ಹಿಡಿದುಕೊಂಡು ಬಗ್ಗಿ ಕೆಮ್ಮುತ್ತಿದ್ದಳು, ಮುಖ ಕೆಂಪಾಗಿತ್ತು. "ಬಿಡು ಅಂತ ಹೇಳೋರು ಯಾರೇ, ನಿಮ್ಮಜ್ಜಾನಾ? ಸಾಯೋ ತನಕ ಹಿಡ್ಕೊಂಡಿರ್ಬೇಕಾ?" ಎಂದು ದಮ್ಮು ಸಿಕ್ಕ ಮೇಲೆ ಬೈದಳು. ಹೇಳಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಮೂರನೆಯ ಮಾತನ್ನು ಅವಳು ಮರೆತದ್ದು ಇದೊಂದೇ ಸಲ. ಗೋಡೆ ಮುಖ ಹಾಕಿಕೊಂಡು ಹೊರಗೆ ಬಂದು, "ಡಾಕ್ಟರ್ ಹೇಳ್ತಾರೆ," ಎಂದಳು. ಅಕ್ಕ ಏನೂ ಕೇಳಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ಡಾಕ್ಟರ್ ಒಳಗೆ ಯಾರದ್ದೋ ಜೊತೆ ಇದ್ದರು. ಜೊತೆ ಕೆಲಸದ ಗೆಳತಿಯೊಬ್ಬಳು ಸ್ವಲ್ಪ ಹೊತ್ತು ಯಂತ್ರ ನೋಡಿಕೊಳ್ಳುತ್ತೇನೆ ಎಂದಿದ್ದಳು. ಇವಳು ಜೊತೆಗೆ ತಂದಿದ್ದ ತನ್ನ ಚೀಲದಿಂದ ಮುಳುಗುಗಾರನನ್ನು ತೆಗೆದು ಕೈಗೇನೋ ಇರಲಿ ಎಂದು ಹಿಡಿದುಕೊಂಡಳು. "ಹೇಗಿದೆ ಅದು? ತೀರ್ಪೇ ಬರ್ಲಿಲ್ಲ ಈ ಸಲ," ಎಂದಳು ಅಕ್ಕ. ಚೆನ್ನಾಗಿದೆ ಎಂದಳು. ಬರೀ ಚೆನ್ನಾಗಿದೆ ಅಂದರೆ ಅಕ್ಕನಿಗೆ ಸಾಲದು, ಗೊತ್ತಿತ್ತು. ಕಷ್ಟಪಟ್ಟು ಹೇಳಿದಳು: ಮೊದಲ ಅಧ್ಯಾಯ ಬೋರು, ನೀರಿನ ಬಗ್ಗೆ ಭಾಷಣ, ಅವನು ನೀರಿಗೆ ಇಳಿದ ಮೇಲೆ ಮಾತ್ರ ಬೇರೆ ಯಾರೂ ಹೀಗೆ ಬರೆಯಲಾರರು ಅನಿಸುತ್ತೆ, ಕತ್ತಲೆಯಲ್ಲಿ ಕೈಯೇ ಕಣ್ಣಾಗುತ್ತೆ, ಓದ್ತಾ ಓದ್ತಾ ನಾನೂ ಉಸಿರು ಹಿಡ್ಕೊಂಡಿದ್ದೆ. ಕಲ್ಲು ಜಾರಿ ಕಾಲು ಸಿಕ್ಕಿಕೊಳ್ಳುತ್ತೆ. ಮೇಲೆ ದೋಣಿಯಲ್ಲಿ ತಂಗಿ ಹಗ್ಗ ಹಿಡಿದುಕೊಂಡಿದಾಳೆ.

"ಆಮೇಲೆ? ಬಂದ್ನಾ ಹೊರಗೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಕೊನೆ ನೋಡಿಲ್ಲ."

ಅಕ್ಕ ತಿರುಗಿ ಅವಳನ್ನು ನೋಡಿದಳು, ಗೋಡೆ ಮುಖವನ್ನಲ್ಲ, ಅದರ ಹಿಂದೆ ಇದ್ದದ್ದನ್ನು. ಲೋಕದಲ್ಲಿ ಎಲ್ಲರನ್ನೂ ದಾರಿ ತಪ್ಪಿಸಿದ ಆ ಮುಖ ಈಗ ಯಾವ ಪ್ರಯೋಜನಕ್ಕೂ ಬರಲಿಲ್ಲ. "ನೀನು," ಎಂದಳು ಅಕ್ಕ ನಿಧಾನವಾಗಿ, "ನೀನು ಕೊನೆ ನೋಡಿಲ್ಲ." ಇವಳು ಇಲ್ಲ ಎಂದು ತಲೆಯಾಡಿಸಿದಳು. "ಎಷ್ಟು ಪುಸ್ತಕದಿಂದ?" ಸುಳ್ಳು ಹೇಳಬಹುದಿತ್ತು, ಆದರೆ ತೀರ್ಪಿನಲ್ಲಿ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ನೀನು ಕೆಮ್ಮೋಕೆ ಶುರು ಮಾಡಿದಾಗಿಂದ ಎಂದಳು. ಎದುರು ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರಗಳಿದ್ದವು, ಇಬ್ಬರೂ ಅದನ್ನೇ ಬಹಳ ಆಸಕ್ತಿಯಿಂದ ಓದಿದರು. ಆಮೇಲೆ ಅಕ್ಕ ಅಂಟು ಮೆತ್ತಿದ ಬೆರಳುಗಳಿಂದ ತಂಗಿಯ ಕೈಯನ್ನು ಹಿಡಿದುಕೊಂಡು, "ಸರಿ ಬಿಡು. ಏನಿದ್ರೂ ಇಬ್ರೂ ಒಟ್ಟಿಗೇ ಕೇಳೋಣ, ನೀನು ಮುಂಚೆ ಹೇಳ್ಬೇಡ," ಎಂದಳು, ಯಾವುದೋ ಕಾದಂಬರಿಯ ಬಗ್ಗೆ ಹೇಳುವ ಹಾಗೆ. ಆ ಕೈ ಬಿಸಿಯಾಗಿತ್ತು. ಇವಳಿಗೆ ಆ ಹೊತ್ತಿನಲ್ಲಿ, ಅಷ್ಟು ಭಯದ ನಡುವೆಯೂ, ಎಂಥ ಅಕ್ಕನನ್ನು ಕೊಟ್ಟೆಯಪ್ಪಾ ದೇವರೇ, ವಾಪಸು ಕೇಳ್ಬೇಡ ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ, ಮೂಗು ಒರೆಸಿಕೊಂಡಳು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು, ಯಾವಾಗಲೂ ಅರ್ಧ ಸಿಡುಕು. ಅಕ್ಕನ ಗಂಟಲು ನೋಡಿ, ಚಿತ್ರವನ್ನು ಪರದೆಗೆ ತಂದು ಕುರ್ಚಿ ಹಿಂದಕ್ಕೆ ಒರಗಿಸಿ ನೋಡಿದರು, ಮುಂದಕ್ಕೆ ಬಾಗಿ ನೋಡಿದರು. ಇವಳು ಬಾಗಿಲ ಹತ್ತಿರ ನಿಂತು ಅವರ ಮುಖವನ್ನೇ ಹುಡುಕುತ್ತಿದ್ದಳು, ದಿನಾ ಬಟ್ಟೆ ಹಾಕಿಕೊಳ್ಳುತ್ತ ಅವಳ ಮುಖ ಹುಡುಕುವ ಎಲ್ಲರ ಹಾಗೆಯೇ. ಆ ಎಲ್ಲರಿಗೂ ಇನ್ನು ಮೇಲೆ ಕೊಂಚ ಮೆತ್ತಗೆ ಉತ್ತರ ಕೊಡಬೇಕು ಅಂತ ಅನಿಸಿತು. "ಚಿಕ್ಕೋರಿದ್ದಾಗ ಎದೆಗೆ ಏನಾದ್ರೂ ಕಾಯಿಲೆ ಆಗಿತ್ತಾ?" ಎಂದರು ಡಾಕ್ಟರ್. ಅಕ್ಕ ತೀರಾ ಸಹಜವಾಗಿ, "ಹೂಂ, ಆಗಿತ್ತಲ್ಲ, ಒಂದು ವರ್ಷ ಹಾಸಿಗೆ ಹಿಡಿದಿದ್ದೆ. ಇವಳೇ ಬಾಗಿಲ ಹೊರಗೆ ಕೂತು ಕಾವಲು ಕಾಯ್ತಿದ್ಲು," ಎಂದಳು. ಹಾಗಾದ್ರೆ ಸರಿಹೋಯ್ತು ಎಂದು ಡಾಕ್ಟರ್ ಬೆರಳಿಟ್ಟು ತೋರಿಸಿದರು. ಇದು ಆ ಕಾಲದ್ದು. ಮಾದು ಸುಣ್ಣಗಟ್ಟಿದ ಹಳೆ ಗಾಯ. ಇದರ ಪಾಡಿಗೆ ಇದು ಇಲ್ಲೇ ಇದೆ, ಏನೂ ಮಾಡಲ್ಲ. ಸಮಾಧಾನಕ್ಕೆ ಕಫ ಒಂದು ಪರೀಕ್ಷೆ ಮಾಡ್ಸೋಣ, ಮೂರು ತಿಂಗಳು ಬಿಟ್ಟು ಇನ್ನೊಂದು ಫಿಲ್ಮ್ ತೆಗೆಯೋಣ. ಕೆಮ್ಮು ಇದರಿಂದಲ್ಲ, ಗಂಟಲೆಲ್ಲ ಅಲರ್ಜಿ ಆಗಿ ಕೆಂಪಾಗಿದೆ, ಊಟ ಸೇರದೆ ಇಳಿದಿದೀರಿ. ಏನು ಕೆಲಸ ನಿಮ್ಮದು? ಹಳೇ ಪುಸ್ತಕಾನಾ? ಅಯ್ಯೋ, ಆ ಧೂಳು ಕುಡಿದು ಇನ್ನೇನಾಗುತ್ತೆ, ಮಾಸ್ಕ್ ಹಾಕ್ಕೊಳ್ಳಿ. ಆಮೇಲೆ ಇವಳ ಕಡೆ ತಿರುಗಿದರು. "ನೀವೇನ್ರೀ, ಹೆಣ ನೋಡಿದೋರ ಹಾಗೆ ನಿಂತಿದೀರ? ದಿನಾ ಇಂಥವು ಹತ್ತು ತೆಗೀತೀರ. ಅಂಚು ನೋಡ್ರೀ, ಗೆರೆ ಎಳೆದ ಹಾಗಿದೆ. ಹಳೇ ಗಾಯ ಯಾವುದು ಹೊಸದು ಯಾವುದು ಅಂತ ಇಷ್ಟು ವರ್ಷ ಆದ್ಮೇಲೂ ಗೊತ್ತಾಗಲ್ವಾ?" ಹೊರಗೆ ಕಾಯುತ್ತಿದ್ದವರಿಗೂ ಕೇಳಿಸುವಷ್ಟು ಜೋರಾಗಿ ಬೈದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಒಂದು ತಿಂಗಳು ಕುದಿಯುತ್ತಿದ್ದಳು. ಈಗ, ಇಲ್ಲ ಮೇಡಂ, ಗೊತ್ತಾಗಲ್ಲ ಮೇಡಂ, ಥ್ಯಾಂಕ್ಸ್ ಮೇಡಂ ಎಂದು ಹಲ್ಲು ಬಿಟ್ಟಳು. ಇನ್ನಷ್ಟು ಬೈಯಲಿ, ಇಡೀ ಆಸ್ಪತ್ರೆಗೆ ಕೇಳಿಸಲಿ ಅನ್ನಿಸಿತು. ನೆರೆಮನೆಯವರ ಎದೆಯಾಗಿದ್ದರೆ ಒಂದು ನೋಟಕ್ಕೆ ಹೇಳುತ್ತಿದ್ದಳು. ಆ ಬಿಳಿಯನ್ನು ಮತ್ತೆ ನೋಡಿದಳು: ಎಷ್ಟು ಚೊಕ್ಕ ಅಂಚು, ಎಷ್ಟು ಹಳೆಯದು. ಬಾಗಿಲ ಹಲಗೆ ಅದುರುತ್ತಿದ್ದ ಆ ವರ್ಷ ಅಕ್ಕನ ಎದೆಯೊಳಗೆ ಇಷ್ಟು ದಿನ ಹೀಗೆ ಕೂತಿತ್ತು, ಓದುವ ಹುಚ್ಚು ತನಗೆ ಅಂಟಿದ್ದು ಇಲ್ಲಿಂದಲೇ, ಇದು ಇರದಿದ್ದರೆ ಬಸ್ಸಿನಲ್ಲಿ ಅಳುವುದಕ್ಕೆ ತನ್ನ ಬಳಿ ಒಂದು ಪುಸ್ತಕವೂ ಇರುತ್ತಿರಲಿಲ್ಲ.

ಮತ್ತೆ ಬೆಂಚಿಗೆ ಬಂದು ಕೂತರು. ಅಕ್ಕ ಸರ ಹಾಕಿಕೊಳ್ಳುತ್ತ, "ಕೇಳಿದ್ಯಾ, ಹಳೇ ಪುಸ್ತಕ ಮುಟ್ಟಬಾರದಂತೆ. ಇನ್ಮೇಲೆ ನಿನ್ನ ದುಡ್ಡಲ್ಲಿ ಹೊಸಾದು ತಂದ್ಕೊಡು," ಎಂದಳು. ಇವಳು ನಗಲು ಹೋಗಿ ಅತ್ತಳು. ಅಕ್ಕ ಅವಳನ್ನು ಅಳಲು ಬಿಟ್ಟಳು. ಆಮೇಲೆ ಅವಳೇ, ಕೈ ತೊಳೆಯುವ ಚಿತ್ರದ ಕಡೆ ನೋಡುತ್ತಲೇ ಹೇಳಿದಳು: "ಆಗ ದಿನಾ ಕೊನೆ ಹೇಳು ಕೊನೆ ಹೇಳು ಅಂತ ಬಾಗಿಲು ಬಡೀತಿದ್ಯಲ್ಲ. ಯಾಕೆ ಅಂತ ಗೊತ್ತಿತ್ತು ನಂಗೆ. ಚಿಕ್ಕಮ್ಮ ಹೇಳಿದ್ದು ನಂಗೂ ಕೇಳಿಸಿತ್ತು ಕಣೇ. ಬಾಗಿಲು ಒಂದೇ ಅಲ್ವಾ." ಇವಳು ಕಣ್ಣೊರೆಸುವುದನ್ನು ನಿಲ್ಲಿಸಿದಳು. ಅದಕ್ಕೇ ಎಲ್ಲರನ್ನೂ ವಾಪಸು ಕರ್ಕೊಂಡು ಬರ್ತಿದ್ಯಾ, ಒಂದೊಂದು ದಿನ ಒಂದೊಂದು ಥರ ಎಂದು ಕೇಳಿದಳು. "ಇನ್ನೇನು ಮಾಡ್ಲಿ? ನಿಜವಾದ ಕೊನೆ ನಂಗೂ ಗೊತ್ತಿರ್ಲಿಲ್ಲ. ಪುಸ್ತಕ ಕೈಯಲ್ಲೇ ಇತ್ತು, ತಿರುವಿ ನೋಡೋಕೆ ಧೈರ್ಯ ಬರ್ತಿರ್ಲಿಲ್ಲ. ಕೊನೆ ಹತ್ರ ಬಂತು ಅಂದ್ರೆ ಮುಚ್ಚಿಟ್ಟು ಹೊಸಾ ಪುಸ್ತಕ ಶುರು ಮಾಡ್ತಿದ್ದೆ. ಆ ಇಡೀ ವರ್ಷ ನಾನು ಒಂದೂ ಮುಗಿಸ್ಲಿಲ್ಲ ಗುಬ್ಬಿ." ಒಂದೇ ಬಾಗಿಲಿನ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ಒಂದೇ ಮಾತು ಕೇಳಿಸಿಕೊಂಡು, ಒಬ್ಬಳು ಕೊನೆ ಬೇಕು ಎಂದು, ಒಬ್ಬಳು ಕೊನೆ ಬೇಡ ಎಂದು, ಇಷ್ಟು ವರ್ಷ ಫೋನಿನಲ್ಲಿ ಅದೇ ಜಗಳ ಆಡಿಕೊಂಡು ಬಂದಿದ್ದರು.

"ತೆಗಿ ಅದನ್ನ, ನೋಡೇಬಿಡೋಣ," ಎಂದಳು ಅಕ್ಕ. ಮುಳುಗುಗಾರನನ್ನು ಇಬ್ಬರ ತೊಡೆಗಳ ನಡುವೆ ಇಟ್ಟು ಕೊನೆಯ ಪುಟ ತೆರೆದರು. ತಲೆಗೆ ತಲೆ ತಾಗಿಸಿ ಓದಿದರು, ಅಕ್ಕ ಎರಡು ಸಲ. ಅಡಿಗೆಮನೆ, ಒಲೆ, ತಂಗಿ ಒಂದು ಒದ್ದೆ ಕೈಗವಸನ್ನು ಬೆಂಕಿಯ ಹತ್ತಿರ ಹಿಡಿದು ಒಣಗಿಸುತ್ತಿದ್ದಾಳೆ, ಉಣ್ಣೆಯಿಂದ ಹಬೆ ಏಳುತ್ತಿದೆ. ಅಷ್ಟೇ. ಮುಗಿಯಿತು. "ಬಂದಿದಾನೆ ನೋಡು," ಎಂದಳು ಅಕ್ಕ, "ನಾಳೆ ಹಾಕ್ಕೊಳ್ಳೋಕೆ ಬೇಕಲ್ಲ, ಅದಕ್ಕೇ ಒಣಗಿಸ್ತಿದಾಳೆ." ಇಲ್ಲ ಕಣೇ, ಒಂದೇ ಗವಸು ಇದೆ, ಇನ್ನೊಂದೆಲ್ಲಿ ಎಂದಳು ಇವಳು. ಇನ್ನೊಂದು ಆಗ್ಲೇ ಒಣಗಿದೆ ಎಂದಳು ಅಕ್ಕ. ಹಾಗಂತ ಎಲ್ಲಿ ಬರೆದಿದೆ? ಬರೆಯದಿದ್ದರೆ ಆಗಿಲ್ಲ ಅಂತಾನಾ? ಅರ್ಧ ಓದಿದವಳು ನಾನು, ನಂಗೆ ಗೊತ್ತು! ಇನ್ನರ್ಧ ಓದಿದೀಯೇನೇ ಬಾಯಿಬಡುಕಿ? ದನಿ ಏರಿ, ಅಕ್ಕನಿಗೆ ನಗು ಬಂದು, ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಒಳಗಿಂದ ಡಾಕ್ಟರ್ ಯಾರ್ರೀ ಅದು ಸಂತೆ ಮಾಡೋರು ಎಂದು ಗದರಿದರು. ಅಕ್ಕ ಪುಸ್ತಕವನ್ನು ಪಟ್ಟನೆ ಮುಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಈ ಸಲ ನಾನೇ ಮೊದಲು ಓದೋದು, ನೀನು ಕಾಯಿ ಎಂದಳು.

ಗೆಳತಿ ಬಾಗಿಲಿಂದ ಕೈಬೀಸಿ ಕರೆದಳು, ಸಾಲು ಬೆಳೆದಿತ್ತು. ಇವಳು ಒಳಗೆ ಹೋಗಿ ಮುಂದಿನವರನ್ನು ಹಲಗೆಗೆ ನಿಲ್ಲಿಸಿದಳು, ವಯಸ್ಸಾದವರು, ಬೆವರುತ್ತಿದ್ದರು, ತಣ್ಣಗಿರುತ್ತೆ ಸ್ವಲ್ಪ, ಭಯ ಪಡಬೇಡಿ ಎಂದಳು. ಗಾಜಿನ ಹಿಂದೆ ಹೋದಳು. ಅರ್ಧ ತೆರೆದ ಬಾಗಿಲಾಚೆ, ಮುಚ್ಚುವ ಮುಂಚೆ, ಬೆಂಚಿನ ತುದಿ ಕಾಣಿಸಿತು. ಅಕ್ಕ ಹೋಗಿರಲಿಲ್ಲ. ಪುಸ್ತಕವನ್ನು ಚೀಲದಿಂದ ಮತ್ತೆ ತೆಗೆದು, ಮೊದಲನೆಯ ಪುಟ ತೆರೆದು, ತುಟಿಯಾಡಿಸುತ್ತ ಓದುತ್ತಿದ್ದಳು. ಬಾಗಿಲು ಮುಚ್ಚಿಕೊಂಡಿತು. ಉಸಿರು ಎಳ್ಕೊಳ್ಳಿ ಎಂದಳು. ಹಾಗೇ ಹಿಡ್ಕೊಳ್ಳಿ. ಗುಂಡಿ ಒತ್ತಿದಳು, ಪರದೆಯ ಕಡೆ ನೋಡುವುದಕ್ಕೂ ಮುಂಚೆ, "ಬಿಡಿ, ಬಿಡಿ," ಎಂದಳು, ತಾನೂ ಬಿಟ್ಟಳು.